ಎಲೆ ಉದುರಿದ ಕಾಡಿನ ದಾರಿ: ವೆಂಕಟಾಪುರದಿಂದ ಶ್ರೀಶೈಲದವರೆಗೆ

ಆಂಧ್ರದ ನಂದ್ಯಾಲ ಜಿಲ್ಲೆಯ ಆತ್ಮಕೂರು ದಾಟಿ ವೆಂಕಟಾಪುರ ಸೇರಿದರೆ ಮುಂದೆ ನಲ್ಲಮಲ ಕಾಡು. ಅಲ್ಲಿಂದ ಶ್ರೀಶೈಲಕ್ಕೆ ಕಾಲುದಾರಿ ಸುಮಾರು 40 ಕಿ.ಮೀ. ಯುಗಾದಿ ಹತ್ತಿರ ಬಂತೆಂದರೆ ಈ ತೆಲುಗು ಸೀಮೆಯ ಕಾಡಿನಲ್ಲಿ ಕಿವಿಗೆ ಬೀಳುವುದೆಲ್ಲ ಕನ್ನಡವೇ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ, ರಾಯಚೂರು ಕಡೆಯ ಜನ ಹೆಗಲ ಮೇಲೆ ಶ್ರೀಶೈಲದ ಮಲ್ಲಿಕಾರ್ಜುನನ, ಅವರ ಬಾಯಲ್ಲಿ ಮಲ್ಲಯ್ಯನ, ಕಂಬಿ ಹೊತ್ತು, ಹಲವರು ಬರಿಗಾಲಲ್ಲಿ, ಸಾಲುಗಟ್ಟಿ ನಡೆಯುತ್ತಾರೆ. ಅಲ್ಲಿನ ದೇವಿ ಭ್ರಮರಾಂಬೆ ಅವರ ಪಾಲಿಗೆ ಮನೆಮಗಳು. ಹಬ್ಬಕ್ಕೆ ಸೀರೆ, ಕುಪ್ಪಸ, ಅರಿಸಿನ, ಕುಂಕುಮ ತಂದು ಉಡಿ ತುಂಬಿ ಹೋಗದಿದ್ದರೆ ತವರಿನವರಿಗೆ ಸಮಾಧಾನವಿಲ್ಲ.

ಶ್ರೀಶೈಲ ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು, ಶಕ್ತಿಪೀಠವೂ ಹೌದು. ಅಕ್ಕಮಹಾದೇವಿಯ ಕೊನೆಯ ದಿನಗಳ ಕದಳಿವನ ಇಲ್ಲಿಯದೇ. 14ನೇ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮಾರೆಡ್ಡಿ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ. ವಿಜಯನಗರದ ಅರಸರು ಮಂಟಪಗಳನ್ನು ಕಟ್ಟಿಸಿದರು, ಶಿವಾಜಿ ಉತ್ತರದ ಗೋಪುರಕ್ಕೆ ಕಾರಣನಾದ. ಸುತ್ತಲಿನ ಕಾಡು ಈಗ ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ.

ದಾರಿಯ ಸ್ವಭಾವ ತಿಳಿಯದೆ ಇಲ್ಲಿನ ಬಿಸಿಲಿನ ಕಾಟ ಅರ್ಥವಾಗುವುದಿಲ್ಲ. ವೆಂಕಟಾಪುರದಿಂದ ನಾಗಲೂಟಿಯ ವೀರಭದ್ರನ ಗುಡಿ, ಅಲ್ಲಿಂದ ಕಲ್ಲಿನ ಮೆಟ್ಟಿಲು ಹತ್ತಿ ಪೆಚ್ಚೆರುವಿನ ಕೆರೆ ಮತ್ತು ಚೆಂಚು ಜನರ ಹಟ್ಟಿ, ಆಮೇಲೆ ಮಠಂ ಬಾವಿ. ಮುಂದೆ ಭೀಮನ ಕೊಳ್ಳ: ಆಳಕ್ಕೆ ಇಳಿದು ಮತ್ತೆ ಅಷ್ಟೇ ಕಡಿದಾಗಿ ಏರಬೇಕಾದ ಕಣಿವೆ. ಅದನ್ನು ಏರಿದರೆ ಕೈಲಾಸ ದ್ವಾರ. ಕಾಡೆಂದರೆ ನೆರಳು ಎಂದುಕೊಂಡು ಮೊದಲ ಸಲ ಬಂದವರು ಇಲ್ಲಿ ಮೋಸ ಹೋಗುತ್ತಾರೆ. ನಲ್ಲಮಲ ಒಣ ಎಲೆಯುದುರುವ ಕಾಡು. ಯುಗಾದಿಯ ಹೊತ್ತಿಗೆ ತೇಗದ ಮರಗಳೆಲ್ಲ ಬೋಳು, ಬಿಸಿಲು ನೇರ ನೆತ್ತಿಗೇ ಬೀಳುತ್ತದೆ. ಕಾಲಡಿಯ ಬಂಡೆಗಳು ಹಗಲೆಲ್ಲ ಕಾದು ಸಂಜೆಯಾದ ಮೇಲೂ ಝಳ ಬಿಡುತ್ತವೆ. ಕಣಿವೆಯಲ್ಲಿ ಗಾಳಿಯೂ ಆಡುವುದಿಲ್ಲ.

ಹಬ್ಬದ ಪಂಚಾಂಗವೂ ಇದರಲ್ಲಿ ಪಾಲುದಾರ. ಚಾಂದ್ರಮಾನ ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂದರೆ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು. ರಾಯಲಸೀಮೆಯಲ್ಲಿ ಆ ಹದಿನೆಂಟು ದಿನಗಳ ವ್ಯತ್ಯಾಸ ಸಣ್ಣದಲ್ಲ. ನಂದ್ಯಾಲ, ಕರ್ನೂಲು ಕಡೆ ಏಪ್ರಿಲ್ ಎಂದರೆ 40 ಡಿಗ್ರಿ ದಾಟುವ ತಿಂಗಳು. ಅಧಿಕ ಮಾಸ ಕಳೆದು ಯುಗಾದಿ ತಡವಾಗಿ ಬರುವ ವರ್ಷಗಳು ಯಾವುವೆಂದು ಪಂಚಾಂಗ ಮೊದಲೇ ಹೇಳಿರುತ್ತದೆ. ಆ ವರ್ಷಗಳಿಗೆ ಬೇರೆಯದೇ ತಯಾರಿ ಬೇಕು.

ನಡೆಯುವಾಗ ಸ್ನಾಯುಗಳು ಬಳಸುವ ಶಕ್ತಿಯ ಮುಕ್ಕಾಲು ಪಾಲು ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಚರ್ಮದ ಉಷ್ಣತೆ 35 ಡಿಗ್ರಿಯ ಆಸುಪಾಸು. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಮೈ ತಣಿಯಲು ಬೆವರೊಂದೇ ದಾರಿ. ಇಲ್ಲಿನ ಒಣ ಹವೆಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ, ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ತಾನು ಬೆವರಿಲ್ಲ, ನೀರು ಸಾಕು ಎಂದು ಯಾತ್ರಿಕ ತಿಳಿಯುವುದು ಹೀಗೆ. ಮೊದಲು ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಈ ಹಂತದಲ್ಲಿ ನೆರಳು, ವಿಶ್ರಾಂತಿ, ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಒಳಮೈ ಉಷ್ಣತೆ 40 ಡಿಗ್ರಿ ದಾಟಿ ಬುದ್ಧಿ ಕದಡಿದರೆ ಅದು ಉಷ್ಣಾಘಾತ. ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ, ಮನುಷ್ಯ ಕಾರಣವಿಲ್ಲದೆ ರೇಗುತ್ತಾನೆ. ಜಯಘೋಷದ ನಡುವೆ ಇದನ್ನು ಭಕ್ತಿಯ ಆವೇಶವೆಂದು ತಿಳಿದು ಬಿಟ್ಟುಬಿಡುವ ಅಪಾಯವಿದೆ. ಬೆವರು ನಿಂತರೆ ಮಾತ್ರ ಬಿಸಿಲು ಬಡಿದಿದೆ ಎಂಬ ನಂಬಿಕೆಯೂ ತಪ್ಪು. ನಡೆದು ಕುಸಿದವರ ಮೈ ಬೆವರಿನಿಂದ ತೊಯ್ದಿರುವುದು ಸಾಮಾನ್ಯ.

ಊರಿಂದಲೇ ಹೊರಟು ನಾಲ್ಕೈದು ನೂರು ಕಿ.ಮೀ. ನಡೆದು ಬಂದವರಿಗಿಂತ, ಗಾಡಿಯಲ್ಲಿ ಆತ್ಮಕೂರಿನವರೆಗೆ ಬಂದು ಕಾಡನ್ನಷ್ಟೇ ನಡೆಯುವವರಿಗೆ ಇಲ್ಲಿ ಅಪಾಯ ಹೆಚ್ಚು. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆಗ ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ದಿನವೂ ನಡೆಯುತ್ತ ಬಂದವರ ಮೈ ಕಾಡು ಮುಟ್ಟುವ ಹೊತ್ತಿಗೆ ಪಳಗಿರುತ್ತದೆ. ನಿನ್ನೆಯವರೆಗೆ ಅಂಗಡಿಯಲ್ಲೋ ಕಚೇರಿಯಲ್ಲೋ ಕುಳಿತಿದ್ದವರು ಇವತ್ತು ಮಧ್ಯಾಹ್ನ ಭೀಮನ ಕೊಳ್ಳ ಏರಿದರೆ ಆ ರಕ್ಷೆ ಇರುವುದಿಲ್ಲ. ಕೊಳ್ಳವನ್ನು ಬೆಳಗಿನ ಹತ್ತರೊಳಗೆ ದಾಟುವಂತೆ ಹೊತ್ತು ಹೊಂದಿಸಿಕೊಳ್ಳುವುದೇ ಇಂಥವರಿಗೆ ಎಲ್ಲಕ್ಕಿಂತ ದೊಡ್ಡ ಔಷಧ. ಕುಡಿದ ನೀರು ಮಧ್ಯಾಹ್ನದ ಏರನ್ನು ತಣಿಸಲಾರದು.

ಬಿಸಿಲಿನಿಂದ ತಪ್ಪಿಸಿಕೊಳ್ಳುವುದೇ ಮೊದಲ ರಕ್ಷೆ ಎಂಬುದನ್ನು ಬೇರೆ ಕಡೆಯ ದುರಂತಗಳೂ ತೋರಿಸಿವೆ. 2024ರ ಜೂನ್‌ನಲ್ಲಿ ಮೆಕ್ಕಾದ ಮಸ್ಜಿದ್ ಅಲ್ ಹರಾಮ್‌ನಲ್ಲಿ ಉಷ್ಣಾಂಶ 51.8 ಡಿಗ್ರಿ ಮುಟ್ಟಿತ್ತು. ಆ ಸಲದ ಹಜ್‌ನಲ್ಲಿ 1,301 ಮಂದಿ ಸತ್ತರೆಂದೂ ಅವರಲ್ಲಿ ನೂರಕ್ಕೆ 83 ಮಂದಿ ಪರವಾನಗಿಯಿಲ್ಲದೆ ಬಂದವರೆಂದೂ ಸೌದಿ ಸರ್ಕಾರ ಪ್ರಕಟಿಸಿತು. ತಂಪು ಡೇರೆ, ಬಸ್ಸು ಯಾವುದೂ ಸಿಗದೆ ಬಿಸಿಲಲ್ಲಿ ಬಹುದೂರ ನಡೆದವರು ಅವರು. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಆಧ್ಯಾತ್ಮಿಕ ಗುರುವೊಬ್ಬರ ಸನ್ಮಾನಕ್ಕೆ ಸೇರಿದ್ದ ಲಕ್ಷಾಂತರ ಅನುಯಾಯಿಗಳು ಬಯಲಲ್ಲಿ ಕುಳಿತೇ ಇದ್ದರು, ಮೇಲೆ ಚಪ್ಪರವಿರಲಿಲ್ಲ. 14 ಜೀವ ಹೋದವು. ಅಲ್ಲಿ ಯಾರೂ ಬೆಟ್ಟ ಹತ್ತಿರಲಿಲ್ಲ.

ಶ್ರೀಶೈಲದ ದಾರಿಯನ್ನು ಬಹುಮಟ್ಟಿಗೆ ಕಾಯುತ್ತಿರುವುದು ದಾಸೋಹ. ಊರೂರಿನ ಭಕ್ತರು ತಾವೇ ದವಸ, ಸೌದೆ, ಪಾತ್ರೆ ಹೇರಿಕೊಂಡು ಬಂದು ದಾರಿಯುದ್ದಕ್ಕೂ ಡೇರೆ ಹಾಕುತ್ತಾರೆ. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು. ಯಾರ ಜಾತಿಯನ್ನೂ ಊರನ್ನೂ ಕೇಳದೆ ಕೈಗಿಡುತ್ತಾರೆ. ಡೇರೆಯ ಮೂಲೆಯಲ್ಲಿ ಇನ್ನೊಂದು ಸೇವೆ ನಡೆಯುತ್ತಿರುತ್ತದೆ. ನಡೆದು ಬಂದವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುವುದು, ಅಂಗಾಲಿನ ಗುಳ್ಳೆಗೆ ದಾರ ಪೋಣಿಸಿದ ಸೂಜಿ ಹಾಯಿಸಿ, ನೀರು ಸೋರಿಹೋಗಲೆಂದು ದಾರದ ತುಂಡನ್ನು ಅಲ್ಲೇ ಬಿಡುವುದು. ವೈದ್ಯರು ಈ ದಾರವನ್ನು ಒಪ್ಪುವುದಿಲ್ಲ, ನಂಜು ಒಳಗೆ ಹೋಗಲು ಅದೇ ದಾರಿಯಾಗುತ್ತದೆ. ಆದರೂ ಗುರುತಿಲ್ಲದವರ ಒಡೆದ ಅಂಗಾಲನ್ನು ಮುಟ್ಟಿ ಸೇವೆ ಮಾಡುವ ಆ ಕೈಗಳಿಗೆ ಬೆಲೆ ಕಟ್ಟಲಾಗದು.

ಈ ಡೇರೆಗಳಲ್ಲಿ ಮೈಕೈ ನೋವಿನ ಗುಳಿಗೆಯನ್ನೂ ಪ್ರಸಾದದಂತೆ ಹಂಚುವುದು ನಿಲ್ಲಬೇಕು. ಡೈಕ್ಲೋಫೆನಾಕ್‌ನಂಥ ಗುಳಿಗೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ನೀರು ಕಳೆದುಕೊಂಡ ಮೈಯಲ್ಲಿ ಇದು ಮೂತ್ರಪಿಂಡವನ್ನೇ ಕೆಡಿಸಬಲ್ಲದು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಬೇಕು. ಬರಿ ನೀರನ್ನೇ ಅತಿಯಾಗಿ ಕುಡಿಯುವುದೂ ಅಪಾಯ, ರಕ್ತದಲ್ಲಿ ಉಪ್ಪು ಇಳಿದು ಉಷ್ಣಾಘಾತದಂಥದೇ ಮಂಪರು ಕವಿಯಬಹುದು. ರೊಟ್ಟಿ, ಮಜ್ಜಿಗೆ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದ ಓಆರ್‌ಎಸ್ ಈ ಕೊರತೆ ತುಂಬುತ್ತವೆ.

ಹೆಂಗಸರ ಪಾಡು ಬೇರೆ. ಶೌಚಕ್ಕೆ ಮರೆಯಿಲ್ಲದ ಕಡೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಎಲೆ ಉದುರಿದ ಕಾಡಿನಲ್ಲಿ ಪೊದೆಯ ಮರೆಯೂ ಇಲ್ಲ. ಮಗಳಿಗೆ ಉಡಿ ತುಂಬಲು ಹೊರಟ ತಾಯಂದಿರು ಬಾಯಾರಿಕೆ ಕಟ್ಟಿಕೊಂಡು ನಡೆಯುವಂತಾಗಬಾರದು. ಹಬ್ಬದ ಕೆಲವು ದಿನಗಳ ಮಟ್ಟಿಗೆ, ಕಾಡಿಗೆ ಕೇಡಾಗದಂತೆ ಬಿಚ್ಚಿ ಒಯ್ಯಬಹುದಾದ ಶೌಚಾಲಯಗಳನ್ನು ನಿಲ್ಲಿಸಿದರೂ ನೀರಿನ ತೊಟ್ಟಿಗಳಷ್ಟೇ ಉಪಯೋಗವಾದೀತು.

ಹಬ್ಬಕ್ಕೆ ಕೈಲಾಸ ದ್ವಾರದಲ್ಲಿ ವೈದ್ಯಕೀಯ ಶಿಬಿರ ಇರುತ್ತದೆ. ಆದರೆ ಭೀಮನ ಕೊಳ್ಳದ ಮೆಟ್ಟಿಲಲ್ಲಿ ಕುಸಿದವರ ಬಳಿಗೆ ವಾಹನ ಬರಲಾರದು, ಹೊತ್ತೇ ತರಬೇಕು. ಉಷ್ಣಾಘಾತದಲ್ಲಿ ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿಸುವುದು ಮುಖ್ಯ. ಆದ್ದರಿಂದ ಮೊದಲು ತಣಿಸಿ ಆಮೇಲೆ ಸಾಗಿಸಬೇಕು. ಬಟ್ಟೆ ಸಡಿಲಿಸಿ, ಕೈಗೆ ಸಿಕ್ಕ ನೀರನ್ನೆಲ್ಲ ತಲೆಯಿಂದ ಕಾಲಿನವರೆಗೆ ಸುರಿದು, ಟವೆಲಿನಿಂದ ಜೋರಾಗಿ ಗಾಳಿ ಬೀಸಬೇಕು. ಮಂಜುಗಡ್ಡೆ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಜ್ವರದ ಗುಳಿಗೆ ಇಲ್ಲಿ ಕೆಲಸ ಮಾಡುವುದಿಲ್ಲ.

ದರ್ಶನ ಮುಗಿಸಿದ ಹೆಚ್ಚಿನವರು ಬಸ್ಸು, ಟೆಂಪೋ ಹಿಡಿದು ಊರಿಗೆ ಮರಳುತ್ತಾರೆ. ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ಬಿಸಿಲಲ್ಲಿ ಅತಿಯಾಗಿ ದಣಿದ ಸ್ನಾಯುಗಳು ಕರಗಿ ರಕ್ತ ಸೇರಿದರೆ ಮೂತ್ರ ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ತೀರ ಕಡಿಮೆಯಾಗುತ್ತದೆ. ಊರು ಮುಟ್ಟಿದ ಎರಡು ಮೂರು ದಿನಗಳಲ್ಲಿ ಇಂಥ ಲಕ್ಷಣ ಕಂಡರೆ ನಡಿಗೆಯ ಆಯಾಸವೆಂದು ಮಲಗದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು.