ಆಡಿಯೋ ಫೈಲ್ ಓಪನ್ ಆಗ್ತಿಲ್ವಾ? ಡಿಲೀಟ್ ಮಾಡೋಕೆ ಮುಂಚೆ ಇದನ್ನ ಕೇಳಿ

ಈ ಸಲ ಅತಿಥಿ ಯಾರೂ ಇಲ್ಲ, ನಾನೊಬ್ಬನೇ. ಹೋದ ಎಪಿಸೋಡ್ ಕೇಳಿದ ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ರಿ: ಟೆಂಟ್ ಸಿನಿಮಾ ತಾತನ ಮಾತು ಕೊನೆಯಲ್ಲಿ ಕತ್ತರಿಸಿದ ಹಾಗೆ ನಿಂತುಹೋಯ್ತಲ್ಲ, ಯಾಕೆ? ಅದನ್ನೇ ಇವತ್ತು ಹೇಳ್ತೀನಿ.

ಅರಸೀಕೆರೆ ಹತ್ತಿರದ ಒಂದು ಹಳ್ಳಿ. ಕಾರ್ಬನ್ ಕಡ್ಡಿ ಉರಿಸಿ ಪ್ರೊಜೆಕ್ಟರ್ ಓಡಿಸ್ತಿದ್ದ ಹಿರಿಯರು ಅವರು. ಮುಂದಿನ ವಾರ ಗಂಟಲು ಆಪರೇಷನ್ ಇತ್ತು. "ಆಮೇಲೆ ದನಿ ಇರುತ್ತೋ ಇಲ್ವೋ, ಕೇಳೋದೆಲ್ಲ ಇವತ್ತೇ ಕೇಳ್ಬಿಡಪ್ಪ" ಅಂದ್ರು. ಒಂದು ಗಂಟೆಗೂ ಹೆಚ್ಚು ಮಾತಾಡಿದ್ರು. ಮಾತಿನ ಮಧ್ಯೆ ನನ್ನ ರೆಕಾರ್ಡರ್ ಬ್ಯಾಟರಿ ಸತ್ತುಹೋಯ್ತು. ಮನೆಗೆ ಬಂದು ಕಾರ್ಡ್ ಹಾಕಿದ್ರೆ ಯಾವ ಪ್ಲೇಯರ್‌ನಲ್ಲೂ ಫೈಲ್ ಓಪನ್ ಆಗ್ತಿಲ್ಲ. ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯ್ತು.

ಅವತ್ತು ನಾನು ಸರಿಯಾಗಿ ಮಾಡಿದ ಕೆಲಸ ಒಂದೇ. ಆ ಕಾರ್ಡಿಗೆ ಹೊಸದಾಗಿ ಏನನ್ನೂ ರೆಕಾರ್ಡ್ ಮಾಡಲಿಲ್ಲ. ಫೈಲನ್ನು ಕಂಪ್ಯೂಟರಿಗೆ ಕಾಪಿ ಮಾಡಿ, ಆ ಕಾಪಿಯ ಮೇಲೆ ಮಾತ್ರ ಕೈಯಾಡಿಸಿದೆ. ಡಿಸ್ಕ್ ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕಂಪ್ಯೂಟರ್ ಕೇಳಿದ್ರೆ, ದಯವಿಟ್ಟು ಬೇಡ ಅನ್ನಿ.

ಆಮೇಲೆ ನೋಡಬೇಕಾದದ್ದು ಫೈಲ್ ಸೈಜ್. ಸೊನ್ನೆ ಕೆಬಿ ತೋರಿಸ್ತಿದ್ರೆ ಬೇರೆ ದಾರಿ: ಫೋಟೊರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಹೆಸರಲ್ಲಿ ಫೋಟೋ ಇದ್ರೂ ಆಡಿಯೋ ಫೈಲನ್ನೂ ಕಾರ್ಡ್‌ನಿಂದ ಹುಡುಕಿ ತೆಗೆಯುತ್ತೆ. ಸಿಕ್ಕಿದ್ದನ್ನ ಅದೇ ಕಾರ್ಡಿನೊಳಗೆ ಮಾತ್ರ ಸೇವ್ ಮಾಡಬೇಡಿ. ನನ್ನ ಫೈಲ್ 770 ಎಂಬಿ ತೋರಿಸ್ತಿತ್ತು. ಅದನ್ನ ನೋಡಿದ್ಮೇಲೇ ಉಸಿರು ಬಂದಿದ್ದು.

ಯಾಕೆ ಅಂತೀರಾ? ನಾನು ಓದಿದ್ದು ಬಿಕಾಂ, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ವೇವ್ ಫೈಲ್ ಅಂದ್ರೆ ಮೈಕ್ರೋಸಾಫ್ಟ್ ಮತ್ತು ಐಬಿಎಂ 1991ರಲ್ಲಿ ತಂದ ಫಾರ್ಮ್ಯಾಟ್. ಇದರ ಮೊದಲಲ್ಲಿ ಹೆಡರ್ ಅಂತ ಚಿಕ್ಕ ಭಾಗ ಇರುತ್ತೆ, ಸಾಮಾನ್ಯವಾಗಿ 44 ಬೈಟ್. ಸ್ಯಾಂಪಲ್ ರೇಟ್ ಎಷ್ಟು, ಮೋನೋನಾ ಸ್ಟೀರಿಯೋನಾ, ಒಟ್ಟು ಡೇಟಾ ಎಷ್ಟು, ಎಲ್ಲ ಅದರಲ್ಲಿ ಬರೆದಿರುತ್ತೆ. ಆದ್ರೆ ಒಟ್ಟು ಎಷ್ಟಾಯ್ತು ಅನ್ನೋದು ರೆಕಾರ್ಡಿಂಗ್ ಮುಗಿಯೋ ತನಕ ಯಾರಿಗೆ ಗೊತ್ತು? ಹಾಗಾಗಿ ಸ್ಟಾಪ್ ಒತ್ತಿದಾಗಲೇ ಅದನ್ನ ತುಂಬೋದು. ಮಧ್ಯದಲ್ಲಿ ಕರೆಂಟ್ ಹೋದ್ರೆ ವೋಚರ್‌ಗಳೆಲ್ಲ ಫೈಲಲ್ಲೇ ಇವೆ, ಲೆಡ್ಜರ್‌ನ ಮೊದಲ ಪುಟ ಮಾತ್ರ ಖಾಲಿ. ಪ್ಲೇಯರ್ ಮೊದಲ ಪುಟ ನೋಡಿ ಅಂಗಡಿಯಲ್ಲಿ ಮಾಲೇ ಇಲ್ಲ ಅನ್ನುತ್ತೆ.

ಇನ್ನು ಲೆಕ್ಕ. ನಾನು ರೆಕಾರ್ಡ್ ಮಾಡಿದ್ದು 48,000 ಹರ್ಟ್ಸ್, 16 ಬಿಟ್, ಸ್ಟೀರಿಯೋ. ಒಂದು ಸ್ಯಾಂಪಲ್‌ಗೆ 2 ಬೈಟ್, ಎರಡು ಚಾನೆಲ್. ಅಂದ್ರೆ ಸೆಕೆಂಡಿಗೆ 1,92,000 ಬೈಟ್. ವಿಂಡೋಸ್ ತೋರಿಸೋ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 11 ಎಂಬಿ. 770ನ್ನ 11ರಿಂದ ಭಾಗಿಸಿ: 70 ನಿಮಿಷ. ತಾತ ಒಳಗೇ ಕೂತಿದ್ದಾರೆ!

ಹೊರಗೆ ಕರೆಯೋದಕ್ಕೆ ಆಡಾಸಿಟಿ ಸಾಕು, ದುಡ್ಡು ಕೊಡಬೇಕಾಗಿಲ್ಲ. ಫೈಲ್ ಮೆನುವಿನಲ್ಲಿ ಇಂಪೋರ್ಟ್, ಅದರೊಳಗೆ ರಾ ಡೇಟಾ. ಹೆಡರ್ ನಂಬಬೇಡ, ವಿವರ ನಾನೇ ಹೇಳ್ತೀನಿ ಅಂತ ಸಾಫ್ಟ್‌ವೇರಿಗೆ ಹೇಳೋ ದಾರಿ ಇದು. ಸೈನ್ಡ್ 16 ಬಿಟ್ ಪಿಸಿಎಂ, ಲಿಟಲ್ ಎಂಡಿಯನ್, ರೇಟ್ 48,000 ಕೊಟ್ಟೆ. ಗಾಬರಿಯಲ್ಲಿ ಚಾನೆಲ್ ಜಾಗದಲ್ಲಿ ಮೋನೋ ಅಂತ ಬಿಟ್ಟಿದ್ದೆ. ಬಂತು ನೋಡಿ, 140 ನಿಮಿಷದ ಫೈಲ್, ತಾತನ ದನಿ ನಿದ್ದೆಗಣ್ಣಿನ ಕುಂಭಕರ್ಣನ ಹಾಗೆ! ಸ್ಟೀರಿಯೋ ಮಾಡಿದೆ, ದನಿ ಸರಿಹೋಯ್ತು. ಶುರುವಿನಲ್ಲಿ ಒಂದು 'ಟಪ್' ಸದ್ದು ಇತ್ತು. ಹೆಡರ್ ಜಾಗವನ್ನೂ ಆಡಿಯೋ ಅಂತ ಓದಿದ್ದಕ್ಕೆ ಬಂದದ್ದು ಅದು, ಕತ್ತರಿಸಿ ಹಾಕಿದೆ.

ನಿಮಗೆ ಬರೀ 'ಸ್ಸ್ಸ್' ಅಂತ ಜೋರು ಸದ್ದು ಬಂದ್ರೆ ಹೆದರಬೇಡಿ (ಹೆಡ್‌ಫೋನ್ ವಾಲ್ಯೂಮ್ ಮೊದಲೇ ಕಡಿಮೆ ಮಾಡಿ, ನನ್ನ ಕಿವಿ ಇನ್ನೂ ನೆನಪಿಟ್ಟುಕೊಂಡಿದೆ). ಬಿಟ್ ಡೆಪ್ತ್ ತಪ್ಪಿರಬಹುದು, 24 ಹಾಕಿ ನೋಡಿ. ಇಲ್ಲಾಂದ್ರೆ ಸ್ಟಾರ್ಟ್ ಆಫ್‌ಸೆಟ್ ಒಂದೊಂದೇ ಬೈಟ್ ಮುಂದೆ ಸರಿಸಿ. ದನಿ ಚಿಕ್ಕ ಮಕ್ಕಳ ಹಾಗೋ ಕುಂಭಕರ್ಣನ ಹಾಗೋ ಇದ್ರೆ ರೇಟ್ ಅಥವಾ ಚಾನೆಲ್ ತಪ್ಪು. ಸೆಟ್ಟಿಂಗ್ ಏನಿತ್ತು ಅನ್ನೋದೇ ಮರೆತಿದ್ರೆ, ಅದೇ ರೆಕಾರ್ಡರ್‌ನ ಬೇರೊಂದು ಒಳ್ಳೆ ಫೈಲಿನ ವಿವರ ನೋಡಿಕೊಳ್ಳಿ.

ನಿಮ್ಮಲ್ಲಿ ಹೆಚ್ಚಿನವರು ಫೋನಲ್ಲೇ ರೆಕಾರ್ಡ್ ಮಾಡ್ತೀರಿ, ಗೊತ್ತು. ಎಂ4ಎ ಫೈಲಿಗೆ ಈ ಉಪಾಯ ನಡೆಯಲ್ಲ, ಯಾಕಂದ್ರೆ ಅದರಲ್ಲಿ ದನಿಯನ್ನ ಒತ್ತಿ ಚಿಕ್ಕದು ಮಾಡಿರ್ತಾರೆ. ಯಾವ ತುಂಡು ಎಲ್ಲಿದೆ ಅನ್ನೋ ಪಟ್ಟಿಗೆ 'ಮೂವ್' ಅಂತ ಹೆಸರು, ಅದನ್ನ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯೋದು. ಫೋನ್ ಮಧ್ಯದಲ್ಲಿ ಆಫ್ ಆದ್ರೆ ಪಟ್ಟಿಯೇ ಇರಲ್ಲ. ಇದಕ್ಕೆ ಅನ್‌ಟ್ರಂಕ್ ಅನ್ನೋ ಉಚಿತ ಟೂಲ್ ಇದೆ. ಅದೇ ಫೋನ್, ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ ಒಂದು ಸರಿಯಾದ ಫೈಲ್ ಕೊಟ್ರೆ, ಅದನ್ನ ಮಾದರಿ ಇಟ್ಟುಕೊಂಡು ಕೆಟ್ಟಿದ್ದನ್ನ ಕಟ್ಟೋಕೆ ನೋಡುತ್ತೆ. ಪ್ರತಿ ಸಲ ಗೆಲ್ಲುತ್ತೆ ಅಂತ ಮಾತು ಕೊಡಲಾರೆ. ಎಂಪಿ3 ಮಾತ್ರ ಗಟ್ಟಿ ಜೀವ: ಪ್ರತಿ ತುಂಡಿಗೂ ಅದರದೇ ಪುಟ್ಟ ಹೆಡರ್ ಇರೋದ್ರಿಂದ ಎಲ್ಲಿ ನಿಂತಿತೋ ಅಲ್ಲೀತನಕ ಹಾಡುತ್ತೆ.

ಎಡಿಟ್ ಮಾಡ್ತಿರುವಾಗಲೇ ಆಡಾಸಿಟಿ ಕ್ರ್ಯಾಶ್ ಆಯ್ತಾ? 2021ರಲ್ಲಿ ಬಂದ 3.0 ಆವೃತ್ತಿಯಿಂದ ಇಡೀ ಪ್ರಾಜೆಕ್ಟ್ ಒಂದೇ ಎಯುಪಿ3 ಫೈಲಿನಲ್ಲಿರುತ್ತೆ. ಪಕ್ಕದಲ್ಲಿ ಹೆಸರಿನ ಕೊನೆಗೆ ಡಬ್ಲ್ಯೂಎಎಲ್ ಅಂತಿರೋ ಫೈಲ್ ಕಂಡ್ರೆ ಕಸ ಅಂತ ಅಳಿಸಬೇಡಿ, ಕೊನೆಗೆ ಮಾಡಿದ ಬದಲಾವಣೆ ಅದರಲ್ಲೇ ಇರಬಹುದು.

ಈಗ ತಾತನ ವಿಷಯ. 70 ನಿಮಿಷ ಸಿಕ್ತು, ಕೊನೆಯ ಕೆಲವು ಸೆಕೆಂಡ್ ಸಿಗಲಿಲ್ಲ. ರೆಕಾರ್ಡರ್ ದನಿಯನ್ನ ಮೊದಲು ತನ್ನ ಮೆಮೊರಿಯಲ್ಲಿಟ್ಟುಕೊಂಡು ಆಮೇಲೆ ಕಾರ್ಡಿಗೆ ಬರೆಯುತ್ತೆ. ಬ್ಯಾಟರಿ ಹೋದಾಗ ಅಷ್ಟು ಗಾಳಿಗೆ ಹೋಯ್ತು. ಟೆಂಟ್ ಬಿಚ್ಚೋ ಮುಂಚೆ ಹಾಕಿದ ಕೊನೇ ಸಿನಿಮಾ ಯಾವುದು ತಾತ ಅಂತ ನಾನು ಕೇಳಿದ್ದೆ. "ಅದಾ..." ಅಂದ್ರು, ಅಲ್ಲಿಗೆ ನಿಂತಿದೆ. ನಗು, ಹೊಗಳಿಕೆ ಎಲ್ಲ ಉಳಿದು, ನಾನು ಅಷ್ಟು ದೂರ ಹೋಗಿದ್ದ ಒಂದು ಪ್ರಶ್ನೆಯ ಉತ್ತರವೇ ಹೋಯ್ತು. ಅಲ್ಲೇ ಕೂತು ಕೇಳಿಸಿಕೊಂಡಿದ್ದ ನನಗೂ ಆ ಹೆಸರು ನೆನಪಿರಲಿಲ್ಲ, ಅದೇ ನಾಚಿಕೆ.

ಆಪರೇಷನ್ ಆಗಿದೆ. ತಾತ ಆರಾಮಾಗಿದ್ದಾರೆ, ಮಾತು ಇಲ್ಲ. ನಿನ್ನೆ ಅವರ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ರು: ಮೊಮ್ಮಗನ ಸ್ಲೇಟಿನ ಮೇಲೆ ನಡುಗೋ ಅಕ್ಷರದಲ್ಲಿ ಸಿನಿಮಾ ಹೆಸರು, ಕೆಳಗೆ "ಈ ಸಲ ಬ್ಯಾಟರಿ ತಂದಿದ್ದೀಯಾ?" ಅಂತ. ಸ್ಲೇಟಿನ ಫೋಟೋ ಹೋದ ಎಪಿಸೋಡಿನ ಪುಟದಲ್ಲಿ ಹಾಕಿದ್ದೀನಿ, ನೋಡಿ.