ಹಬ್ಬದ ಲೆಕ್ಕ ಅಟ್ಟಕ್ಕೆ ಸಾಕು, ದಿಂಬಿಗೆ ಸಾಲದು

ಮಂಡ್ಯ ಕಡೆಯ ಮನೆಗಳಲ್ಲಿ ಗುಡಿಸುವ ವಿಷಯಕ್ಕೆ ಸೋಮಾರಿತನವಿಲ್ಲ. ಬೆಳಗಾದರೆ ಬಾಗಿಲಿಗೆ ನೀರು, ಅಂಗಳಕ್ಕೆ ಕಡ್ಡಿಪೊರಕೆ, ಒಳಗೆ ಹುಲ್ಲುಪೊರಕೆ. ಸೋಮವಾರವೋ ಶುಕ್ರವಾರವೋ ಶನಿವಾರವೋ, ಆ ಮನೆಯ ದೇವರ ವಾರ ಬಂದರೆ ನೆಲ ಒರೆಸಿ ಹೊಸ್ತಿಲು ತೊಳೆಯುವುದೂ ತಪ್ಪದು. ಮಿಕ್ಕ ಧೂಳಿನ ಕೆಲಸವೆಲ್ಲ ಹಬ್ಬದ ಲೆಕ್ಕಕ್ಕೆ. ಯುಗಾದಿ, ವರಮಹಾಲಕ್ಷ್ಮಿ, ಪಿತೃಪಕ್ಷ, ದೀಪಾವಳಿ ಹತ್ತಿರ ಬಂದಾಗ ಏಣಿ ಹೊರಬರುತ್ತದೆ, ಅಟ್ಟದ ಪಾತ್ರೆಗಳು ಅಂಗಳಕ್ಕಿಳಿಯುತ್ತವೆ.

ಈ ಲೆಕ್ಕ ತಿಳಿಯದವರು ಮಾಡಿದ್ದಲ್ಲ. ರಾಗಿ, ಭತ್ತದ ಒಕ್ಕಣೆ ಮುಗಿದು, ಮಾಗಿಯ ಒಣಹವೆಯೂ ಕಳೆದ ಮೇಲೆ ಯುಗಾದಿ. ಆಷಾಢದ ಬಿರುಗಾಳಿ ತಂದು ಸುರಿದ ಮಣ್ಣನ್ನು ತೆಗೆಯಲು ಶ್ರಾವಣದ ವರಮಹಾಲಕ್ಷ್ಮಿ. ಈ ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಅದರ ಥಂಡಿ, ಬೂಷ್ಟು ಕಳೆಯಲು ದೀಪಾವಳಿ. ಹೊಲದಲ್ಲಿ ಏಳುವ ಧೂಳಿಗೂ ಹಬ್ಬದ ಸುಣ್ಣಬಣ್ಣಕ್ಕೂ ಹೀಗೆ ತಾಳೆ ಇತ್ತು. ಸೌದೆ ಒಲೆಯ ಕಾಲದಲ್ಲಿ ಜಂತೆಯಿಂದ ನೇತಾಡುತ್ತಿದ್ದ ಇಲ್ಲಣವನ್ನು ತೆಗೆಯಲು ವರ್ಷಕ್ಕೆ ಮೂರು ನಾಲ್ಕು ಸಲ ಏಣಿ ಹತ್ತಿದರೆ ಸಾಕಾಗುತ್ತಿತ್ತು.

ಈಗ ಮನೆ ಬದಲಾಗಿದೆ. ಗ್ಯಾಸ್ ಬಂದು ಇಲ್ಲಣ ಕಡಿಮೆಯಾಯಿತು, ಹೆಂಚು ಹೋಗಿ ಆರ್‌ಸಿಸಿ ಬಂತು. ಆದರೆ ಸುತ್ತಿಡುತ್ತಿದ್ದ ಚಾಪೆಯ ಜಾಗಕ್ಕೆ ಫೋಮ್ ಹಾಸಿಗೆ ಬಂದಿದೆ, ಜಗಲಿಯ ಜಾಗಕ್ಕೆ ಸೋಫಾ, ಕಿಟಕಿಗೆ ಸೊಳ್ಳೆ ಜಾಲರಿ, ತಲೆಯ ಮೇಲೆ ಫ್ಯಾನು. ಇವು ಯಾವುವೂ ಹಬ್ಬದವರೆಗೆ ಕಾಯುವ ವಸ್ತುಗಳಲ್ಲ. ಆದ್ದರಿಂದ ಎಷ್ಟು ದಿನಕ್ಕೊಮ್ಮೆ ಎಂದು ಕೇಳುವ ಮೊದಲು ಧೂಳು ಎಲ್ಲಿಂದ ಬರುತ್ತದೆ, ಎಲ್ಲಿ ಕೂರುತ್ತದೆ ಎಂದು ನೋಡಬೇಕು.

ಒಳಗೇ ಹುಟ್ಟುವ ಧೂಳು ಎಲ್ಲ ಮನೆಯಲ್ಲೂ ಒಂದೇ: ಮೈಯಿಂದ ಉದುರುವ ಚರ್ಮದ ಹೊಟ್ಟು, ಬಟ್ಟೆಯ ಎಳೆ, ಕೂದಲು, ಊದುಬತ್ತಿಯ ಬೂದಿ. ಹೊರಗಿನಿಂದ ಬರುವುದು ಮಾತ್ರ ಊರಿಗೊಂದು ಥರ. ಮಳವಳ್ಳಿಯ ಖುಷ್ಕಿ ಸೀಮೆಯಲ್ಲಿ ರಾಗಿ, ಹುರುಳಿ ಕೊಯ್ಲಾದಾಗ ಟಾರು ರಸ್ತೆಯೇ ಕಣವಾಗುತ್ತದೆ. ಬಸ್ಸು ಲಾರಿ ತುಳಿದ ಹೊಟ್ಟೆಲ್ಲ ರಸ್ತೆ ಬದಿಯ ಮನೆಗೆ. ಮಂಡ್ಯ, ಮದ್ದೂರಿನ ಕಬ್ಬಿನ ಬಯಲಿನಲ್ಲಿ ಕಟಾವಾದ ಗದ್ದೆಯ ತರಗಿಗೆ ಬೆಂಕಿ ಇಟ್ಟರೆ, ಆಲೆಮನೆಯ ಒಲೆ ಉರಿದರೆ, ತಾರಸಿಯ ಮೇಲೆ ಒಣಹಾಕಿದ ಬಟ್ಟೆಗೆ ಕರಿಬೂದಿ. ಅದನ್ನು ಒದ್ದೆ ಕೈಯಲ್ಲಿ ಉಜ್ಜಿದರೆ ಮಸಿ ಹರಡುತ್ತದೆ, ಒಣಗಿದ್ದಾಗಲೇ ಕೊಡವಬೇಕು. ಹೆದ್ದಾರಿಯ ಧೂಳಿನ ಜಾತಿಯೇ ಬೇರೆ. 2023ರ ಮಾರ್ಚಿನಲ್ಲಿ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಮಂಡ್ಯ, ಮದ್ದೂರು ಪೇಟೆಗಳನ್ನು ಬಳಸಿಕೊಂಡು ಹೋಗುತ್ತದೆ. ಅದರ ಪಕ್ಕದ ಮನೆಗಳಿಗಾಗಲಿ, ಹಳೇ ರಸ್ತೆಯ ಬಸ್‌ಸ್ಟ್ಯಾಂಡ್ ಸುತ್ತಿನ ಮನೆಗಳಿಗಾಗಲಿ ಬರುವುದು ಟಯರು, ಬ್ರೇಕು, ಡೀಸೆಲ್ ಹೊಗೆಯ ಜಿಡ್ಡು ಬೆರೆತ ಕಪ್ಪುಪುಡಿ. ಬರೀ ನೀರಿಗೆ ಅದು ಬಿಡದು. ಬಕೆಟ್ಟಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಕೊಳ್ಳಬೇಕು.

ಇನ್ನು ಧೂಳು ಕೂರುವ ಬಗೆ. ಎಷ್ಟು ದಿನಕ್ಕೊಮ್ಮೆ ಎನ್ನುವುದಕ್ಕಿಂತ ಯಾವುದರ ನಂತರ ಯಾವುದು ಎನ್ನುವುದು ಇಲ್ಲಿ ದೊಡ್ಡದು. ಗಾಳಿಯಾಡದ ಕೋಣೆಯಲ್ಲಿ, ನೀರಿನಷ್ಟು ಸಾಂದ್ರತೆಯ 10 ಮೈಕ್ರಾನ್ ಕಣವೊಂದು ಹತ್ತಡಿ ಎತ್ತರದ ಸೂರಿನಿಂದ ನೆಲ ಮುಟ್ಟಲು ಕಾಲು ಗಂಟೆಗೂ ತುಸು ಹೆಚ್ಚು ಹೊತ್ತು ಬೇಕು. 1 ಮೈಕ್ರಾನಿನ ಕಣಕ್ಕೆ ಹೆಚ್ಚುಕಡಿಮೆ ಒಂದು ಇಡೀ ದಿನ. ನಮ್ಮ ತಲೆಗೂದಲ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಇವು ಎಷ್ಟು ಸಣ್ಣವು ಎಂದು ಅಂದಾಜಾಗುತ್ತದೆ. ಫ್ಯಾನು ತಿರುಗುತ್ತಿದ್ದರಂತೂ ಇವು ಬೇಗ ಇಳಿಯುವುದೇ ಇಲ್ಲ. ಬಹಳ ಮನೆಗಳಲ್ಲಿ ಬೆಳಿಗ್ಗೆ ಮೊದಲು ನೆಲ ಗುಡಿಸಿ ಒರೆಸಿ, ಆಮೇಲೆ ಟಿವಿ, ಶೋಕೇಸು ಕೊಡವುತ್ತಾರೆ. ಒರೆಸಿದ ನೆಲಕ್ಕೆ ಅರ್ಧ ಗಂಟೆಯಲ್ಲಿ ಮತ್ತೆ ಧೂಳು. ಫ್ಯಾನ್ ಆರಿಸಿ, ಮೇಲಿನಿಂದ ಕೆಳಕ್ಕೆ ಬಂದು, ಅರ್ಧ ಗಂಟೆ ಬಿಟ್ಟು ಗುಡಿಸಿ, ಕೊನೆಗೆ ಒರೆಸಿದರೆ ಅದೇ ಶ್ರಮದಲ್ಲಿ ನೆಲ ಹೆಚ್ಚು ಹೊತ್ತು ಚೊಕ್ಕಟವಾಗಿರುತ್ತದೆ. ಕೊಡವುವ ಬದಲು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಹಳೇ ಹತ್ತಿ ಪಂಚೆಯ ತುಂಡಿನಿಂದ ಒರೆಸಿದರೆ ಇನ್ನೂ ವಾಸಿ. ಒಣಬಟ್ಟೆ ಧೂಳನ್ನು ಇಲ್ಲಿಂದ ಎಬ್ಬಿಸಿ ಅಲ್ಲಿ ಕೂರಿಸುತ್ತದೆ, ಅಷ್ಟೆ. ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುವ ನಮ್ಮ ಹೆಂಗಸರಿಗೆ ಇದು ಗೊತ್ತೇ ಇದೆ. ಒಳಗೆ ಬಂದ ತಕ್ಷಣ ಮರೆತುಹೋಗುತ್ತದೆ.

ಹಾಗಾದರೆ ವಾರಕ್ಕೆ ಎಷ್ಟು ಸಲ? ಪಟ್ಟಿಗಿಂತ ಒಂದು ಪರೀಕ್ಷೆ ಹೇಳುವುದು ನನಗೆ ಇಷ್ಟ. ಬೀದಿ ಕಡೆಯ ಕೋಣೆಯಲ್ಲಿ, ಮಲಗುವ ಕೋಣೆಯಲ್ಲಿ, ಅಡುಗೆಮನೆಯಲ್ಲಿ ಒಂದೊಂದು ಚಿಕ್ಕ ಕನ್ನಡಿಯನ್ನು ಮಲಗಿಸಿಡಿ. ದಿನಾ ಒಂದು ಮೂಲೆಯಲ್ಲಿ ಬೆರಳು ಎಳೆಯಿರಿ. ಗೆರೆ ಕಾಣುವ ದಿನವೇ ಆ ಕೋಣೆಯನ್ನು ಒರೆಸುವ ದಿನ. ಆಷಾಢದಲ್ಲಿ ಗಾಳಿ ಬರುವ ಪಶ್ಚಿಮದ ಕೋಣೆಯಲ್ಲಿ ಅದು ಮಾರನೇ ದಿನವೇ ಕಂಡೀತು, ಜಡಿಮಳೆಯಲ್ಲಿ ವಾರವಾದರೂ ಕಾಣದಿರಬಹುದು. ಇಡೀ ಮನೆಗೆ ಒಂದೇ ಲೆಕ್ಕ ಹಾಕುವುದು ತಪ್ಪು ಎನ್ನಲು ಇಷ್ಟು ಸಾಕು.

ಪರೀಕ್ಷೆಗೆ ಸಿಗದ ಕೆಲವು ಜಾಗಗಳಿವೆ. ಅವುಗಳಲ್ಲಿ ಮೊದಲನೆಯದು ಹಾಸಿಗೆ. ಅಲ್ಲಿರುವ ಧೂಳುನುಸಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಉದ್ದ, ಬರಿಗಣ್ಣಿಗೆ ಕಾಣುವುದು ಕಷ್ಟ. ನಾವು ಉದುರಿಸುವ ಚರ್ಮವೇ ಅದರ ಊಟ, ಹವೆಯ ತೇವವೇ ಅದರ ನೀರು. ಅದರ ಹಿಕ್ಕೆಯೇ ಎಷ್ಟೋ ಜನರ ಬೆಳಗಿನ ಸೀನು, ಉಬ್ಬಸಕ್ಕೆ ಕಾರಣ. ದಿಂಬಿನ ಕವರು, ಮೇಲುಹಾಸು ವಾರಕ್ಕೊಮ್ಮೆ ಬದಲಾಗಲೇಬೇಕು. ಉಬ್ಬಸದವರಿದ್ದರೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಹಂಡೆ ನೀರು ಕೈಯಿಡಲಾಗದಷ್ಟು ಕಾದಿದ್ದರೆ ಸರಿ, ಬಟ್ಟೆಯನ್ನು ಕೋಲಿನಿಂದ ತಿರುವಿ. ತಣ್ಣೀರಿನಲ್ಲಿ ಕೊಳೆ ಹೋಗುತ್ತದೆ, ನುಸಿ ಸಾಯದು. ತೊಳೆಯಲಾಗದ ಹಾಸಿಗೆ, ಕಂಬಳಿಗೆ ತಿಂಗಳಿಗೊಮ್ಮೆಯಾದರೂ ಬಿಸಿಲು ಬೇಕು. ತೇವ ಆರಿದರೆ ನುಸಿ ಹೆಚ್ಚು ದಿನ ಬದುಕದು. ಬಡಿಯುವುದಿದ್ದರೆ ಹೊರಗೆ ಬಡಿಯಿರಿ.

ಅಡುಗೆಮನೆಯ ಮಸಿಬಟ್ಟೆ ಎರಡನೆಯದು. ಕಟ್ಟೆ ಒರೆಸಿ, ಕೈ ಒರೆಸಿ, ಪಾತ್ರೆ ಇಳಿಸಿ ಮೂಲೆಗೆ ಬಿಸಾಡಿದ ಆ ಒದ್ದೆ ತುಂಡಿನಲ್ಲಿ ಇರುವಷ್ಟು ಬ್ಯಾಕ್ಟೀರಿಯ ಹೊಸ್ತಿಲ ಮೇಲೂ ಇರಲಾರವು. ದಿನಾ ಒಗೆದು ಬಿಸಿಲಿಗೆ ಹಾಕಬೇಕು. ಒಂದರ ಬದಲು ಮೂರು ಇಟ್ಟುಕೊಂಡರೆ ಕಷ್ಟವಾಗದು. ಫ್ಯಾನಿನ ರೆಕ್ಕೆ, ಸೊಳ್ಳೆ ಜಾಲರಿ, ಎಸಿ ಇದ್ದರೆ ಅದರ ಫಿಲ್ಟರು ತಿಂಗಳಿಗೊಮ್ಮೆ, ಕಾಲೊರಸು ವಾರಕ್ಕೊಮ್ಮೆ. ಅಟ್ಟ, ಬೀರುವಿನ ತಲೆ, ಫ್ರಿಜ್ಜಿನ ಬೆನ್ನು ಹಬ್ಬಕ್ಕೇ ಇರಲಿ.

ಶುಚಿಯ ಲೆಕ್ಕವನ್ನು ಈ ಸೀಮೆಯಲ್ಲಿ ಚೆನ್ನಾಗಿ ಬಲ್ಲವರು ರೇಷ್ಮೆ ಸಾಕುವವರು. ಮದ್ದೂರು, ಮಳವಳ್ಳಿಯ ಹುಳುಮನೆಗಳಲ್ಲಿ ಬೆಳೆ ಒಂದು ತಿಂಗಳೊಳಗೆ ಮುಗಿಯುತ್ತದೆ. ಗೂಡು ಬಿಡಿಸಿದ ಮೇಲೆ ಗುಡಿಸಿ, ತೊಳೆದು, 0.3 ಪ್ರತಿಶತ ಸುಣ್ಣದ ನೀರಿನಲ್ಲಿ 2 ಪ್ರತಿಶತ ಬ್ಲೀಚಿಂಗ್ ಪೌಡರ್ ಕಲಸಿ ಗೋಡೆ, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗೆಲ್ಲ ಸಿಂಪಡಿಸುತ್ತಾರೆ. ಮುಂದಿನ ಚಾಕಿ ಹುಳು, ಎಂದರೆ ಮರಿಹುಳು, ಒಳಗೆ ಬರುವುದು ಆಮೇಲೆ. ಹಬ್ಬ ದೂರವಿದೆ ಎಂದು ಬಿಟ್ಟರೆ ರೋಗ ಬಂದು ಬೆಳೆ ಪೂರ್ತಿ ಹೋಗಬಹುದು. ಅದೇ ಮನೆಯ ಒಳಕೋಣೆಯ ಹಾಸಿಗೆ ಯುಗಾದಿಯಿಂದ ಬಿಸಿಲು ಕಂಡಿರುವುದಿಲ್ಲ!

ಕ್ಯಾಲೆಂಡರ್ ನೋಡಿಯೇ ಮಾಡಬೇಕಾದ ಕೆಲಸ ಇನ್ನೂ ಒಂದಿದೆ: ನೀರಿನ ತೊಟ್ಟಿ, ಡ್ರಮ್ಮು. ಬೆಂಗಳೂರಿಗೆ ಕಾವೇರಿ ನೀರು ಶುದ್ಧವಾಗಿ ಹೋಗುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಆದರೂ ಈ ಸೀಮೆಯಲ್ಲೇ ನಲ್ಲಿ ನೀರು ದಿನ ಬಿಟ್ಟು ಬರುವ ಕಡೆಯೆಲ್ಲ ಡ್ರಮ್ಮು ತಪ್ಪಿದ್ದಲ್ಲ. ಡೆಂಗಿ ತರುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಏಳರಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ಅದಕ್ಕೇ ವಾರಕ್ಕೊಮ್ಮೆ ಖಾಲಿ ಮಾಡಬೇಕು. ನೀರು ಚೆಲ್ಲಿದರೆ ಸಾಲದು: ನೀರಿನ ಮಟ್ಟದ ತುಸು ಮೇಲೆ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಜೀವ ಹಿಡಿದಿರುತ್ತದೆ. ತೆಂಗಿನ ನಾರಿನಿಂದಲೋ ಬ್ರಷ್ಷಿನಿಂದಲೋ ಒಳಗೋಡೆಯನ್ನು ಉಜ್ಜಿ ತೊಳೆದು ಮತ್ತೆ ತುಂಬಿಸಿ, ಬಟ್ಟೆ ಕಟ್ಟಿ ಮುಚ್ಚಿಡಿ. ಫ್ರಿಜ್ಜಿನ ಹಿಂದಿನ ತಟ್ಟೆ, ತೆಂಗಿನ ಚಿಪ್ಪು, ಹೂಕುಂಡದ ಅಡಿತಟ್ಟೆಯನ್ನೂ ಅದೇ ದಿನ ನೋಡಿಬಿಡಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಚ್ಚಲ ಟೈಲ್ಸಿಗೆ ಬಿಳಿಯ ಗಾರೆ ಕಟ್ಟುತ್ತದೆ. ನಿಂಬೆಹೋಳು ಅಥವಾ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಸಾಮಾನ್ಯವಾಗಿ ಬಿಡುತ್ತದೆ. ಗ್ರಾನೈಟು, ಮಾರ್ಬಲ್ಲಿಗೆ ಮಾತ್ರ ಹುಳಿ ತಾಗಿಸಬೇಡಿ. ಬೇಗ ಮುಗಿಯಲಿ ಎಂದು ಆ್ಯಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸುವವರಿದ್ದಾರೆ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ಒಂದನ್ನು ಬಳಸಿದ ದಿನ ಇನ್ನೊಂದರ ಡಬ್ಬಿ ಮುಟ್ಟಬೇಡಿ. ಅಪ್ಪಿತಪ್ಪಿ ಬೆರೆತು ಘಾಟು ಬಂದರೆ ತೊಳೆಯುತ್ತ ನಿಲ್ಲದೆ ಬಾಗಿಲು ತೆರೆದು ಹೊರಗೆ ಬನ್ನಿ.