ಹುಬ್ಬಳ್ಳಿ–ಧಾರವಾಡ: ಬಸ್ಸೋ, ರೈಲೋ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ದಿನಾ ಓಡಾಡೋರಿಗೆ ನನ್ನ ಮಾತು ಒಂದೇ, ಚಿಗರಿ ಹತ್ತಿ.

2018ರಲ್ಲಿ ಓಡಾಟ ಶುರುವಾದ ಈ ಬಿಆರ್‌ಟಿಎಸ್ ಬಸ್ಸಿಗೆ ರಸ್ತೆ ನಡುವೆ ತನ್ನದೇ ದಾರಿ ಇದೆ. ಟಿಕೆಟ್ ನಿಲ್ದಾಣದಲ್ಲೇ ತಗೋಬೇಕು. ಪ್ಲಾಟ್‌ಫಾರ್ಮೂ ಬಸ್ಸಿನ ನೆಲವೂ ಒಂದೇ ಮಟ್ಟ. ಮೊಣಕಾಲು ನೋವಿರುವ ಅಜ್ಜಿಗೂ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಎಲ್ಲ ಬಸ್ಸೂ ಎಲ್ಲ ಕಡೆ ನಿಲ್ಲೋದಿಲ್ಲ, ಬೋರ್ಡು ನೋಡಿ ಹತ್ತಿ.

ರೈಲು? ಸಾಮಾನ್ಯ ಟಿಕೆಟ್ ಅಗ್ಗ. ಆದರೆ ಗಾಡಿಯ ವೇಳೆಗೆ ನೀವು ಹೊಂದಿಕೊಳ್ಳಬೇಕು. ಹುಬ್ಬಳ್ಳಿಯ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್, ನಡೆಯೋದಕ್ಕೂ ಸಮಯ ಇಟ್ಟುಕೊಳ್ಳಿ.

ಬೈಕಿನವರಲ್ಲಿ ಒಂದು ಕಳಕಳಿಯ ವಿನಂತಿ: ಎಷ್ಟೇ ಅವಸರವಿದ್ದರೂ ಚಿಗರಿ ದಾರಿಯೊಳಗೆ ನುಗ್ಗಬೇಡಿ. ಅಲ್ಲಿ ಬಸ್ಸು ವೇಗವಾಗಿ ಬರುತ್ತೆ.